ಹಾಳಾದ ಬಾಗ್ ಚೆಂದ, ಬದುಕಿರುವ ಬಾಗ್ ಸಪ್ಪೆ

ಐರ್ಲೆಂಡ್‌ನ ಬಾಗ್‌ಗಳಿಗೆ, ಅಂದರೆ ಅಲ್ಲಿನ ಜೌಗು ಬಯಲುಗಳಿಗೆ, ಕ್ಯಾಮೆರಾ ಹಿಡಿದು ಹೋಗುವವರಿಗೆ ಒಂದು ಪೇಚು ಕಾದಿರುತ್ತದೆ. ಅಗೆದು ಹಾಳು ಮಾಡಿದ ಬಾಗ್ ಫೋಟೋದಲ್ಲಿ ಬಹಳ ಚೆನ್ನಾಗಿ ಬರುತ್ತದೆ. ಕಪ್ಪು ಬಯಲು, ಕಣ್ಣಿಗೆ ಕಾಣುವಷ್ಟು ದೂರ ಗೆರೆ ಎಳೆದಂತೆ ಕಾಲುವೆಗಳು, ಪಕ್ಕದಲ್ಲಿ ಪುಟ್ಟ ರೈಲಿನ ಹಳಿ. ಡ್ರೋನ್ ಹಾರಿಸಿದರೆ ಸಾಕು, ಗೋಡೆಗೆ ತೂಗುಹಾಕುವಂಥ ಚಿತ್ರ ತಾನಾಗೇ ಸಿಗುತ್ತದೆ. ಬದುಕಿರುವ ಬಾಗ್ ಮಾತ್ರ ಸಪ್ಪೆ. ಚಪ್ಪಟೆ ನೆಲ, ಕಂದು ಹುಲ್ಲು, ಮೇಲೆ ಬೂದು ಆಕಾಶ. "ಇದರಲ್ಲಿ ಏನಿದೆ ಸ್ವಾಮಿ?" ಅಂತ ಯಾರಾದರೂ ಕೇಳಿದರೆ ಅವರ ತಪ್ಪೇನಿಲ್ಲ.

ಅದರಲ್ಲಿ ಇರುವುದು ಮುಖ್ಯವಾಗಿ ನೀರು. ಸ್ಫ್ಯಾಗ್ನಮ್ ಅನ್ನುವ ಪಾಚಿ ನೀರು ಹೀರಿಕೊಂಡು ಬೆಳೆಯುತ್ತದೆ. ಸತ್ತರೂ ಪೂರ್ತಿ ಕೊಳೆಯುವುದಿಲ್ಲ, ಯಾಕೆಂದರೆ ಆ ನೀರಿನೊಳಗೆ ಗಾಳಿ ಆಡುವುದಿಲ್ಲ. ಹಾಗೇ ಪದರದ ಮೇಲೆ ಪದರ ಕೂತು ಪೀಟ್ ಆಗುತ್ತದೆ, ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಲೆಕ್ಕದಲ್ಲಿ. ಅದನ್ನು ಕೊಯ್ದು ಒಣಗಿಸಿದರೆ ಟರ್ಫ್, ಅಂದರೆ ಉರುವಲು. ಮರ ಕಡಿಮೆಯಿದ್ದ ಆ ದೇಶದ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಒಲೆ ಉರಿದದ್ದು ಇದರಿಂದಲೇ.

ಈ ಉರುವಲನ್ನು ಹೊರಜಗತ್ತಿಗೆ ಪರಿಚಯಿಸಿದ್ದು ಪೋಸ್ಟ್‌ಕಾರ್ಡ್‌ಗಳು. ಇಂಗ್ಲೆಂಡ್‌ನಲ್ಲಿ ಹುಟ್ಟಿ ಐರ್ಲೆಂಡ್‌ನಲ್ಲಿ ನೆಲೆಸಿದ ಜಾನ್ ಹಿಂಡ್ 1950ರ ದಶಕದಿಂದ ಅಚ್ಚು ಹಾಕಿಸಿದ ಕಾರ್ಡ್‌ಗಳಲ್ಲಿ ಒಂದು ಎಲ್ಲರಿಗೂ ಗೊತ್ತು: ಪಶ್ಚಿಮ ಐರ್ಲೆಂಡ್‌ನ ಕಾನಮಾರಾದಲ್ಲಿ ಕೆಂಪು ಕೂದಲಿನ ಇಬ್ಬರು ಮಕ್ಕಳು, ಟರ್ಫ್ ತುಂಬಿದ ಬುಟ್ಟಿ ಹೊತ್ತ ಕತ್ತೆ. ಬಣ್ಣಗಳೆಲ್ಲ ಜಾಸ್ತಿ ಜಾಸ್ತಿ. ಆದರೆ ಅದೇ ಹೊತ್ತಿಗೆ ದೇಶದ ನಡುಭಾಗದಲ್ಲಿ ನಡೆಯುತ್ತಿದ್ದ ಕಥೆಯೇ ಬೇರೆ. 1946ರಲ್ಲಿ ಸ್ಥಾಪನೆಯಾದ ‘ಬೋರ್ಡ್ ನ ಮೋನ’ ಎಂಬ ಸರ್ಕಾರಿ ಕಂಪನಿ ಬಾಗ್‌ಗಳಿಗೆ ಕಾಲುವೆ ತೋಡಿ, ನೀರು ಬಸಿದು, ಭಾರಿ ಯಂತ್ರಗಳಿಂದ ಪೀಟ್ ಕೆರೆದು ತೆಗೆಯುತ್ತಿತ್ತು. ಅದರಿಂದ ಕರೆಂಟ್ ಬಂತು, ಊರುಗಳಿಗೆ ಕೆಲಸ ಬಂತು, ಕಾರ್ಮಿಕರಿಗೆ ಮನೆಗಳೂ ಬಂದವು. ಆ ಕಾಲದ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತವರ ಎದೆ ಉಬ್ಬಿರುತ್ತದೆ. ಹೊಸ ದೇಶ ತನ್ನ ಕಾಲ ಮೇಲೆ ನಿಲ್ಲುತ್ತಿದೆ ಅನ್ನುವ ಹೆಮ್ಮೆ.

ಶ್ಯಾನನ್‌ಬ್ರಿಜ್ ಮತ್ತು ಲೇನ್ಸ್‌ಬರೋದ ಪೀಟ್ ವಿದ್ಯುತ್ ಸ್ಥಾವರಗಳು 2020ರ ಡಿಸೆಂಬರ್‌ನಲ್ಲಿ ಮುಚ್ಚಿದವು. ಮರು ತಿಂಗಳೇ ಬೋರ್ಡ್ ನ ಮೋನ ಪೀಟ್ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದ್ದಾಗಿ ಹೇಳಿತು. ನೀರು ಬಸಿದ ಬಾಗ್ ಇಂಗಾಲ ಉಗುಳುತ್ತದೆ, ನೀರು ತುಂಬಿದ ಬಾಗ್ ಅದನ್ನು ಹಿಡಿದಿಡುತ್ತದೆ ಅನ್ನುವುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಹೀಗಾಗಿ ಒಂದು ಕಾಲದ ಹೆಮ್ಮೆಯ ಫೋಟೋವನ್ನೇ ಇವತ್ತು ತಪ್ಪಿಗೆ ಸಾಕ್ಷಿ ಅಂತ ತೋರಿಸುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಆ ಯಂತ್ರ ಓಡಿಸಿದವರು ಇನ್ನೂ ಅದೇ ಊರಲ್ಲಿದ್ದಾರೆ, ಅಲ್ವಾ? ಡ್ರೋನ್ ಚಿತ್ರದ ದೊಡ್ಡ ಕೊರತೆಯೇ ಇದು. ಅದರಲ್ಲಿ ಗೆರೆಗಳು ಸಿಗುತ್ತವೆ, ಮನುಷ್ಯರು ಸಿಗುವುದಿಲ್ಲ.

ಮನುಷ್ಯರು ಬೇಕೆಂದರೆ ಕೆಳಗಿಳಿಯಬೇಕು, ಮೊದಲು ಕೇಳಬೇಕು. ಬಾಗ್‌ನ ಒಂದೊಂದು ಪಟ್ಟಿಯಲ್ಲೂ ಟರ್ಫ್ ಕೊಯ್ಯುವ ಹಕ್ಕು ಒಂದೊಂದು ಮನೆತನದ್ದು. ಸಂರಕ್ಷಿತ ಬಾಗ್‌ಗಳಲ್ಲಿ ಕೊಯ್ಲು ನಿಲ್ಲಿಸಿ ಎಂದು ಸರ್ಕಾರ ಹೇಳಿದಾಗ ವರ್ಷಗಟ್ಟಲೆ ಜಗಳ ನಡೆದಿತ್ತು. ಆಗ ವಿಮಾನದಿಂದ ನಿಗಾ ಇಟ್ಟಿದ್ದೂ ಉಂಟು. 2022ರ ಅಕ್ಟೋಬರ್ ಕೊನೆಯಿಂದ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಟರ್ಫ್ ಮಾರುವಂತಿಲ್ಲ. ಹಕ್ಕಿರುವವರು ತಮ್ಮ ಒಲೆಗೆ ಕೊಯ್ದುಕೊಳ್ಳಬಹುದು. ಇಂಥ ಕಡೆ ತಲೆ ಮೇಲೆ ಡ್ರೋನ್ ಗುಂಯ್ ಅಂದರೆ ಯಾರಿಗೆ ತಾನೇ ಹಿತವಾಗುತ್ತದೆ? "ನೀವು ಇಲಾಖೆಯವರಾ?" ಅನ್ನುವುದೇ ಮೊದಲ ಪ್ರಶ್ನೆ. ಅಲ್ಲ ಅಂತ ಗೊತ್ತಾದ ಮೇಲೆ ಫ್ಲಾಸ್ಕ್‌ನಿಂದ ಟೀ ಬರುತ್ತದೆ.

ಅಲ್ಲಿ ಗಮನಿಸಬೇಕಾದದ್ದು ಕೈಗಳನ್ನು. ಶ್ಲಾನ್ ಎಂಬ ಪಕ್ಕರೆಕ್ಕೆಯ ಸನಿಕೆ ಒದ್ದೆ ಪೀಟಿನೊಳಗೆ ಹಲ್ವಾ ಕೊಯ್ದಷ್ಟು ಸಲೀಸಾಗಿ ಇಳಿಯುತ್ತದೆ. ಇವತ್ತು ಕೊಯ್ಯುವ ಕೆಲಸ ಹೆಚ್ಚಾಗಿ ಟ್ರಾಕ್ಟರ್ ಹಿಂದಿನ ಯಂತ್ರದ್ದು. ಒಣಗಿಸುವುದು ಮಾತ್ರ ಈಗಲೂ ಬಗ್ಗಿ ಮಾಡುವ ಕೆಲಸ. ಅರೆ ಒಣಗಿದ ಐದಾರು ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸುತ್ತಾರೆ, ನಡುವೆ ಗಾಳಿ ಓಡಾಡಲಿ ಅಂತ. ಸೊಂಟ ಹಿಡಿದುಕೊಂಡು ನೆಟ್ಟಗಾಗುವ ಆ ಕ್ಷಣ ಕತ್ತೆಯ ಪೋಸ್ಟ್‌ಕಾರ್ಡಿನಲ್ಲಿ ಎಲ್ಲಿಂದ ಬರಬೇಕು?

ಇನ್ನು ಬದುಕಿರುವ ಬಾಗ್. ಡಬ್ಲಿನ್‌ನಿಂದ ಗಾಲ್ವೇಗೆ ರೈಲಿನಲ್ಲಿ ಹೋಗುವ ಕನ್ನಡದವರು ಆಫಲಿ ಕೌಂಟಿಯ ಕ್ಲಾರಾ ಊರಲ್ಲಿ ಇಳಿಯಬಹುದು, ಬಾಗ್ ಅಲ್ಲಿಂದ ದೂರವಿಲ್ಲ. ನೆಲ ಹಾಳಾಗದಂತೆ ಹಲಗೆ ದಾರಿ ಹಾಕಿದ್ದಾರೆ, ಅದರಿಂದ ಕೆಳಗೆ ಕಾಲಿಡಬೇಡಿ. ಬಾಗ್ ನಡುವೆ ಹಾದುಹೋಗುವ ರಸ್ತೆಯಲ್ಲಿ ನಿಂತು ನೋಡಿದರೆ ಎರಡೂ ಬದಿಯ ನೆಲ ರಸ್ತೆಯ ಕಡೆಗೆ ಇಳಿಜಾರಾಗಿದೆ. ನೀರು ಬಸಿದು ನೆಲವೇ ಮೀಟರ್‌ಗಟ್ಟಲೆ ಕುಸಿದಿರುವುದು ಹೀಗೆ ಕಣ್ಣಿಗೆ ಕಾಣುತ್ತದೆ. ಬಾಗಿನ ಚರಿತ್ರೆ ಹೇಳುವ ಇಂಥ ಫ್ರೇಮ್ ಬೇರೆ ಕಡೆ ಸುಲಭಕ್ಕೆ ಸಿಗುವುದಿಲ್ಲ.

ಉಳಿದದ್ದಕ್ಕೆ ಮಂಡಿಯೂರಬೇಕು. ಮೋಡದ ದಿನವೇ ಒಳ್ಳೆಯದು, ಪಾಚಿಯ ಕೆಂಪು, ಹಸಿರು, ಹಳದಿ ಬೇರೆ ಬೇರೆಯಾಗಿ ಬರುತ್ತವೆ. ಲೆನ್ಸ್ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿದರೆ ಒದ್ದೆ ಎಲೆಯ ಹೊಳಪು ಇಳಿದು ಬಣ್ಣ ಏಳುತ್ತದೆ. ಪೂರ್ತಿ ತಿರುಗಿಸಿದರೆ ಕೊಳಗಳು ಸುಮ್ನೆ ಕರಿ ತೂತುಗಳಾಗುತ್ತವೆ, ಅರ್ಧಕ್ಕೆ ನಿಲ್ಲಿಸಿ. ನೆಲದ ಉಬ್ಬುತಗ್ಗು ಬೇಕಿದ್ದರೆ ಸಂಜೆಯ ಅಡ್ಡ ಬಿಸಿಲಿಗೆ ಕಾಯಿರಿ. ಹುಳ ಹಿಡಿಯುವ ಸನ್‌ಡ್ಯೂ ಗಿಡಕ್ಕೆ ಮ್ಯಾಕ್ರೋ ಲೆನ್ಸ್ ಬೇಕು. ಬೆಳಕು ಅದರ ಹಿಂದಿನಿಂದ ಬಂದರೆ ಅಂಟುಹನಿಗಳು ಒಂದೊಂದೂ ಕಾಣುತ್ತವೆ. ಟೀನಾ ಕ್ಲಾಫಿ ಎಂಬ ಐರಿಷ್ ಛಾಯಾಗ್ರಾಹಕಿ ಹೀಗೆ ಹತ್ತಿರದಿಂದ ತೆಗೆದ ಚಿತ್ರಗಳಿಂದಲೇ ಬಾಗ್ ನೋಡುವ ಬಗೆ ಬದಲಿಸಿದವರು. ಮೇ, ಜೂನ್ ಹೊತ್ತಿಗೆ ಬಾಗ್ ಕಾಟನ್ ಎಂಬ ಹುಲ್ಲಿನಂಥ ಗಿಡ ಹತ್ತಿಯಂತೆ ಬಿಳಿಯಾಗಿ ಅರಳುತ್ತದೆ. ಕಪ್ಪು ಪೀಟ್ ನೋಡಿ ಮೋಸಹೋಗುವ ಕ್ಯಾಮೆರಾದ ಬೆಳಕಿನ ಮೀಟರ್ ಆ ಬಿಳುಪನ್ನು ಸುಟ್ಟುಬಿಡುತ್ತದೆ, ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಡಿಮೆ ಕೊಡಿ. ಟ್ರೈಪಾಡ್ ಹಲಗೆಯ ಮೇಲಿದ್ದರೂ ನೀವು ಕಾಲು ಕದಲಿಸಿದರೆ ಅದೂ ಅಲುಗುತ್ತದೆ. ಉಸಿರು ಬಿಗಿಹಿಡಿದು ರಿಮೋಟ್ ಒತ್ತಿ. ಸಂಜೆಯಾದರೆ ಮಿಜ್ ನೊಣಗಳು ಮುಖಕ್ಕೆ ಮುತ್ತುತ್ತವೆ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಈಗ ಬೋರ್ಡ್ ನ ಮೋನ ತಾನೇ ತೋಡಿದ ಕಾಲುವೆಗಳನ್ನು ಮುಚ್ಚಿ ನೀರು ನಿಲ್ಲಿಸುತ್ತಿದೆ. ತೋಟಗಾರಿಕೆಗೆ ಪೀಟ್ ಬದಲು ನಮ್ಮ ಕಡೆಯ ತೆಂಗಿನ ನಾರಿನ ಪುಡಿ, ಅದೇ ಕೊಕೊಪೀಟ್, ಯುರೋಪಿಗೆ ಹೋಗುತ್ತಿರುವುದೂ ಈ ಬದಲಾವಣೆಯ ಒಂದು ತುದಿ. ನೀರು ನಿಂತ ಬಾಗ್‌ನ ಮೊದಲ ವರ್ಷಗಳು ಫೋಟೋಗೆ ಏನೇನೂ ಸೊಗಸಲ್ಲ. ಕೆಸರು, ನಿಂತ ನೀರು, ಅಲ್ಲಲ್ಲಿ ಜೊಂಡು, ಹಿಂದೆ ಗಾಳಿಯಂತ್ರಗಳು. ಅವನ್ನು ಬಿಟ್ಟು ಫ್ರೇಮ್ ಮಾಡಬೇಡಿ, ಬಾಗಿನ ಈಗಿನ ಕಥೆಯಲ್ಲಿ ಅವೂ ಇವೆ. ಒಂದು ಕಂಬ ಗುರುತು ಮಾಡಿಕೊಂಡು ಪ್ರತಿ ವರ್ಷ ಅದೇ ತಿಂಗಳು, ಅದೇ ಎತ್ತರದಿಂದ, ಅದೇ ಲೆನ್ಸ್‌ನಲ್ಲಿ ತೆಗೆಯಿರಿ. ಅಡಿಬರಹದಲ್ಲಿ ಜಾಗ ಮತ್ತು ತಿಂಗಳ ಜೊತೆಗೆ ಅದು ಕೊಯ್ದ ಬಾಗೋ, ನೀರು ಬಸಿದದ್ದೋ, ಮತ್ತೆ ನೀರು ನಿಲ್ಲಿಸಿದ್ದೋ ಅಂತ ಬರೆಯಿರಿ. ಹಸಿರು ಕಂಡ ತಕ್ಷಣ ನೋಡುವವರು ಬಾಗ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಎಷ್ಟೋ ಸಲ ಆ ಹಸಿರು ಒಣಗಿದ ಪೀಟಿನ ಮೇಲೆ ಎದ್ದ ಬರ್ಚ್ ಗಿಡಗಳದ್ದಾಗಿರುತ್ತದೆ.