ಎಸ್ಪ್ರೆಸೊಗೆ ಮಿಕ್ಸಿ ಸಾಕಲ್ವಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಚಿಕ್ಕಪ್ಪನ ತೋಟವಿದೆ. ಈ ಸಲ ಹತ್ತು ಕೆಜಿ ಕಾಫಿ ಕೊಡ್ತೀನಿ ಅಂದಿದ್ದಾರೆ. ಮನೆಯಲ್ಲೇ ಹುರಿದು, ಪುಡಿ ಮಾಡಿ, ಎಸ್ಪ್ರೆಸೊ ಇಳಿಸೋ ಆಸೆ. 40 ಸಾವಿರ ಎತ್ತಿಟ್ಟಿದ್ದೇನೆ. ಒಳ್ಳೇ ಮೆಷಿನ್ ಯಾವುದು ಹೇಳಿ. ಪುಡಿಗೆ ಮಿಕ್ಸಿ ಇದೆ, ಸಾಕಲ್ವಾ?

ಉತ್ತರ: ಸಾಕಾಗಲ್ಲ. ಮನೆಯಲ್ಲಿ ಎಸ್ಪ್ರೆಸೊ ಮಾಡಲು ಹೊರಟವರು ಮೊದಲು ಕೇಳುವುದು ಮೆಷಿನ್ನಿನ ಹೆಸರು. ಪುಡಿಯ ಮಾತು ಬರುವುದು ಕೊನೆಗೆ, ಹೊರಡುವಾಗ ಬಾಗಿಲಲ್ಲಿ ನಿಂತು ನೆನಪಿಸಿಕೊಂಡ ಹಾಗೆ. ನಾನು ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನಿಮ್ಮ 40 ಸಾವಿರದಲ್ಲಿ ಅರ್ಧದ ಆಸುಪಾಸು ಗ್ರೈಂಡರಿಗೆ ಹೋಗಲಿ. ಉಳಿದದ್ದರಲ್ಲಿ ಮೆಷಿನ್, ಜೊತೆಗೊಂದು ಪುಟ್ಟ ತಕ್ಕಡಿ. ಹುರಿಯುವುದಕ್ಕೆ ಸದ್ಯ ಒಂದು ರೂಪಾಯಿಯೂ ಬೇಡ, ಮನೆಯ ಬಾಣಲೆ ನಡೆಯುತ್ತದೆ.

ಇದನ್ನು ತಲೆಕೆಳಗಾಗಿ ಮಾಡಿ ಕಲಿತವನು ನಾನು. ನಮ್ಮ ಮನೆಗೆ ಮೆಷಿನ್ ಮೊದಲು ಬಂತು. ಗ್ರೈಂಡರಿಗೆ ಯಾಕೆ ದಂಡ ಅಂದುಕೊಂಡು ಮಿಕ್ಸಿಯ ಚಟ್ನಿ ಜಾರಿಗೆ ಬೀಜ ಸುರಿದೆ. ಮೊದಲ ಸಲ ಏಳೇ ಸೆಕೆಂಡಿಗೆ ಕಪ್ಪು ತುಂಬಿತು; ನೋಡಲು ತೆಳ್ಳನೆ ಟೀ, ಬಾಯಿಗೆ ಹಾಕಿದರೆ ಹುಣಸೆ ನೀರು. ನುಣ್ಣಗಾಗಲಿ ಅಂತ ಎರಡನೇ ಸಲ ಜಾಸ್ತಿ ಹೊತ್ತು ತಿರುಗಿಸಿದೆ. ಪಂಪು ನರಳಿತೇ ಹೊರತು ಹನಿ ಇಳಿಯಲಿಲ್ಲ. ಮೂರನೆಯದು ಹೇಗೋ ಇಳಿಯಿತು, ಆದರೆ ಅದರಲ್ಲಿ ಜೀರಿಗೆ ವಾಸನೆ. ಅಷ್ಟರಲ್ಲಿ ಅಮ್ಮ ಫಿಲ್ಟರ್ ಕಾಫಿ ಬೆರೆಸಿ ಕುಡಿದು, ಲೋಟ ತೊಳೆದಿಟ್ಟು, "ಆಯ್ತೇನೋ ನಿಂದು?" ಅಂದಳು.

ಏನಾಯಿತು ಅಂತ ಕಣ್ಣಾರೆ ನೋಡಬೇಕಾದರೆ ಎರಡು ಚಮಚ ಬೀಜವನ್ನು ಮಿಕ್ಸಿಗೆ ಹಾಕಿ, ಆ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಮೇಲೆ ಇಡ್ಲಿ ರವೆಯಂಥ ತರಿ ಉಳಿಯುತ್ತದೆ. ಕೆಳಗೆ ಬಿದ್ದದ್ದನ್ನು ಬೆರಳಲ್ಲಿ ಉಜ್ಜಿದರೆ ಮೈದಾದಂಥ ಧೂಳು. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕ ಕಡೆ ಹೊಡೆಯುತ್ತದೆ. ಒಂದೇ ಚೂರಿಗೆ ಹತ್ತು ಏಟು ಬೀಳಬಹುದು, ಪಕ್ಕದ್ದಕ್ಕೆ ಒಂದೇ. ಬರ್ ಗ್ರೈಂಡರ್ ಅನ್ನುವುದು ಅಜ್ಜಿಯ ರಾಗಿ ಬೀಸುವ ಕಲ್ಲೇ, ಉಕ್ಕಿನಲ್ಲಿ ಮಾಡಿದ್ದು. ಹಲ್ಲುಳ್ಳ ಎರಡು ಭಾಗಗಳ ನಡುವೆ ನೀವು ಇಟ್ಟಷ್ಟೇ ಸಂದು. ಆ ಸಂದಿನಲ್ಲಿ ತೂರುವಷ್ಟು ಸಣ್ಣಗಾಗುವವರೆಗೂ ಚೂರು ಆಚೆ ಬರಲಾರದು.

ಫಿಲ್ಟರಿನಲ್ಲಿ ಈ ಏರುಪೇರು ಅಷ್ಟಾಗಿ ಗೊತ್ತಾಗುವುದಿಲ್ಲ. ಅಲ್ಲಿ ನೀರು ತನ್ನ ಭಾರಕ್ಕೆ ತಾನೇ ನಿಧಾನ ಇಳಿಯುತ್ತದೆ, ಎಲ್ಲ ಪುಡಿಗೂ ನೆನೆಯಲು ಪುರುಸೊತ್ತಿದೆ. ಎಸ್ಪ್ರೆಸೊದಲ್ಲಿ ಸುಮಾರು 93 ಡಿಗ್ರಿಯ ನೀರನ್ನು 9 ಬಾರ್ ಒತ್ತಡದಲ್ಲಿ ಪುಡಿಯೊಳಗೆ ನುಗ್ಗಿಸುತ್ತಾರೆ. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು. ಅಷ್ಟು ಒತ್ತಡದ ನೀರು ಸಡಿಲ ಜಾಗ ಕಂಡಲ್ಲಿ ಕಾಲುವೆ ಕೊರೆದುಕೊಂಡು ಓಡಿಬಿಡುತ್ತದೆ. ತರಿಯಿಂದ ಸಾರ ಪೂರ್ತಿ ಇಳಿಯದೆ ಹುಳಿ, ಧೂಳಿನಿಂದ ಅತಿಯಾಗಿ ಇಳಿದು ಕಹಿ. ಎರಡೂ ಒಂದೇ ಕಪ್ಪಿನಲ್ಲಿ.

ಪುಡಿಯ ಹದ ಮೈದಾಗಿಂತ ಒರಟು, ಚಿರೋಟಿ ರವೆಗಿಂತ ನುಣುಪು ಇರಬೇಕು. ಇದರ ನಡುವೆಯೇ ದಿನಾ ಹುಡುಕಾಟ. ಶುರುವಿಗೆ ಲೆಕ್ಕ ಸರಳ: 18 ಗ್ರಾಂ ಪುಡಿ, ಕಪ್ಪಿಗೆ ಇಳಿದ ಕಾಫಿ 36 ಗ್ರಾಂ, 25ರಿಂದ 30 ಸೆಕೆಂಡು. ಕಪ್ಪನ್ನು ತಕ್ಕಡಿಯ ಮೇಲಿಟ್ಟೇ ಇಳಿಸಿ, ಕಣ್ಣಳತೆ ನಂಬಬೇಡಿ. 18 ಸೆಕೆಂಡಿಗೇ ಮುಗಿದರೆ ಇನ್ನಷ್ಟು ನುಣ್ಣಗೆ, 45 ದಾಟಿದರೆ ಸ್ವಲ್ಪ ಒರಟು. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ್ದು "ಇದು ಎಸ್ಪ್ರೆಸೊಗೆ ಆಗುತ್ತಾ?" ಅಂತಲ್ಲ, ಆಗಲ್ಲ ಅಂತ ಯಾವ ಅಂಗಡಿಯವರೂ ಹೇಳುವುದಿಲ್ಲ. "ಒಂದು ಕ್ಲಿಕ್ಕಿಗೆ ಎಷ್ಟು ಮೈಕ್ರಾನ್ ಸರಿಯುತ್ತೆ?" ಅಂತ ಕೇಳಿ. ಅಂದರೆ ಗ್ರೈಂಡರಿನ ತಿರುಪನ್ನು ಒಂದು ಹೆಜ್ಜೆ ತಿರುಗಿಸಿದರೆ ಆ ಸಂದು ಮಿಲಿಮೀಟರಿನ ಸಾವಿರದಲ್ಲಿ ಎಷ್ಟು ಪಾಲು ಬದಲಾಗುತ್ತದೆ ಅಂತ. ಕಿಂಗ್ರೈಂಡರ್ ಕೆ6 ಅನ್ನುವ ಕೈ ಗ್ರೈಂಡರಿನಲ್ಲಿ ಅದು 16, ಒನ್‌ಜಡ್‌ಪ್ರೆಸೊ ಜೆ-ಅಲ್ಟ್ರಾದಲ್ಲಿ 8. ಫಿಲ್ಟರ್ ಕಾಫಿಗೆಂದೇ ಮಾಡಿದ ಅಗ್ಗದ ಕೈ ಗ್ರೈಂಡರಿನಲ್ಲಿ ಹೆಜ್ಜೆ ದೊಡ್ಡದು: ಒಂದು ಕ್ಲಿಕ್ಕಿಗೆ ಕಾಫಿ ಸುರಿದುಹೋಗುತ್ತದೆ, ಇನ್ನೊಂದಕ್ಕೆ ಕಟ್ಟಿಕೊಳ್ಳುತ್ತದೆ, ನಡುವೆ ನಿಲ್ಲಲು ಜಾಗವೇ ಇಲ್ಲ.

ಕೈಯಲ್ಲಿ ತಿರುಗಿಸುವುದೋ ಕರೆಂಟಿನದೋ? ಅದೇ ದುಡ್ಡಿಗೆ ಕೈ ಗ್ರೈಂಡರಿನಲ್ಲಿ ಒಳ್ಳೆಯ ಬರ್ ಸಿಗುತ್ತದೆ, ಮೋಟಾರಿನ ಖರ್ಚು ಇಲ್ಲವಲ್ಲ. 18 ಗ್ರಾಂಗೆ ಒಂದು ನಿಮಿಷದ ತಿರುಗಿಸಾಟ. ದಿನಕ್ಕೆ ಎರಡು ಕಪ್ಪಾದರೆ ನನ್ನ ಓಟು ಇದಕ್ಕೇ. ಬೆಳಿಗ್ಗೆ ಆರಕ್ಕೆ ನಾಲ್ಕು ಜನ ಕಪ್ಪು ಹಿಡಿದು ಕೂರುವ ಮನೆಯಾದರೆ ಕರೆಂಟಿನದೇ ನೋಡಿ. ಇಲ್ಲದಿದ್ದರೆ ತಿಂಗಳೊಳಗೆ ಮಣಿಕಟ್ಟು ನೋವು, ಗ್ರೈಂಡರ್ ಅಟ್ಟಕ್ಕೆ.

ಈಗ ಮೆಷಿನ್. ಡಬ್ಬಿಯ ಮೇಲೆ 15 ಬಾರ್, 20 ಬಾರ್ ಅಂತ ದೊಡ್ಡದಾಗಿ ಬರೆದಿರುವುದಕ್ಕೆ ಮರುಳಾಗಬೇಡಿ. ಅದು ಪಂಪಿನ ಗರಿಷ್ಠ ತಾಕತ್ತು, ಪುಡಿಗೆ ಬೇಕಾದ್ದು 9. ನೋಡಬೇಕಾದ್ದು ಪುಡಿ ತುಂಬುವ ಬುಟ್ಟಿಯನ್ನು. ಒಳಗೆ ನೂರಾರು ತೂತು, ಹೊರತಳದಲ್ಲಿ ಸೂಜಿಮೊನೆಯಷ್ಟು ಒಂದೇ ತೂತು ಇದ್ದರೆ ಅದು ಎರಡು ಪದರದ ಬುಟ್ಟಿ. ಎಷ್ಟು ಹಳೇ ಪುಡಿ ಹಾಕಿದರೂ ಆ ಒಂದು ತೂತಿನಿಂದ ಚಿಮ್ಮಿ ನೊರೆ ಬರುತ್ತದೆ, ನೋಡಲು ಚೆಂದ. ಆದರೆ ಒಳ್ಳೇ ಗ್ರೈಂಡರ್ ತಂದೂ ಅದರ ವ್ಯತ್ಯಾಸ ನಾಲಿಗೆಗೆ ಸರಿಯಾಗಿ ಸಿಗುವುದಿಲ್ಲ. ಒಂದೇ ಪದರದ ಬುಟ್ಟಿ ಕೊಡುವ ಮೆಷಿನ್ನನ್ನೇ ಕೇಳಿ. ಬುಟ್ಟಿಯ ಅಗಲ 58 ಮಿಲಿಮೀಟರ್ ಆದರೆ ಬಿಡಿಭಾಗ ಸುಲಭವಾಗಿ ಸಿಗುತ್ತವೆ.

ಪಂಪೇ ಇಲ್ಲದ, ಕೈಯಿಂದ ಸನ್ನೆ (ಲಿವರ್) ಒತ್ತುವ ಮೆಷಿನ್ನೂ ಇವೆ. ಹೊಸದೇನಲ್ಲ; ಮಿಲಾನಿನ ಅಕಿಲೆ ಗಾಜ್ಜಾ 1948ರಲ್ಲಿ ಮಾರುಕಟ್ಟೆಗೆ ತಂದದ್ದು ಸನ್ನೆಯ ಮೆಷಿನ್ನನ್ನೇ. ಅದಕ್ಕೂ ಮುಂಚೆ ಆವಿಯ ಬಲದಿಂದ ಇಳಿಸುತ್ತಿದ್ದ ಕಾಫಿಗೆ ಈಗ ಎಸ್ಪ್ರೆಸೊದ ಮೇಲೆ ನಿಲ್ಲುವ ದಪ್ಪ ಕೆನೆ ಇರಲಿಲ್ಲ. ಕಡಿಮೆ ದುಡ್ಡಿಗೆ ಒಳ್ಳೆಯ ಎಸ್ಪ್ರೆಸೊ ಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ. ಒಂದೇ ಕೊರತೆ, ಹಾಲಿಗೆ ಆವಿ ಬರುವುದಿಲ್ಲ. ಹಾಲಿಲ್ಲದ ಕಾಫಿ ಕಷಾಯ ಅನ್ನುವವರು ಮನೆಯಲ್ಲಿದ್ದರೆ ಬಿಸಿ ಹಾಲನ್ನು ಎರಡು ಲೋಟದ ನಡುವೆ ಎತ್ತಿ ಹೊಯ್ಯಿರಿ, ನೊರೆಗೆ ಮೋಸವಿಲ್ಲ.

ಅಮೆರಿಕದಿಂದ ಬರುವ ಅಣ್ಣನ ಕೈಲಿ ಮೆಷಿನ್ ತರಿಸುವ ಯೋಚನೆ ಇದ್ದರೆ ಬಿಡಿ. ಅಲ್ಲಿಯದು 120 ವೋಲ್ಟ್, ನಮ್ಮದು 230. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ. ಕರೆಂಟಿನ ತಾಳ ಅಲ್ಲಿ 60 ಹರ್ಟ್ಸ್, ಇಲ್ಲಿ 50; ಆ ವ್ಯತ್ಯಾಸವನ್ನು ಅದು ಸರಿಮಾಡುವುದಿಲ್ಲ. ಮನೆಬಳಕೆಯ ಮೆಷಿನ್ನಿನ ಪುಟ್ಟ ಪಂಪು ಆ ತಾಳಕ್ಕೇ ಬಡಿಯುವಂಥದ್ದು. ಬದಲಿಗೆ ಕೈ ಗ್ರೈಂಡರ್ ತರಿಸಿ, ಅದಕ್ಕೆ ಯಾವ ಊರಿನ ಕರೆಂಟಾದರೇನು. ಇಲ್ಲಿ ಕೊಂಡ ಮೆಷಿನ್ನಿಗೂ ಬೋರ್‌ವೆಲ್ ನೀರು ಹಾಕಬೇಡಿ. ಗೀಸರಿನ ಕಾಯಿಲ್ ಬಿಚ್ಚಿದಾಗ ಸುತ್ತ ಸುಣ್ಣ ಕಟ್ಟಿರುವುದನ್ನು ನೋಡಿರುತ್ತೀರಿ. ಇದರ ಬಾಯ್ಲರಿನಲ್ಲೂ ಅದೇ ಕಥೆ.

ಇನ್ನು ಹುರಿಯುವುದು. ಇದರಲ್ಲಿ ಖರ್ಚು ಕಡಿಮೆ, ಮಜಾ ಜಾಸ್ತಿ. ದಪ್ಪ ತಳದ ಕಬ್ಬಿಣದ ಬಾಣಲೆ ತಗೊಳ್ಳಿ, ನಾನ್‌ಸ್ಟಿಕ್ ಮುಟ್ಟಬೇಡಿ. ಒಂದು ಸಲಕ್ಕೆ 150 ಗ್ರಾಂ ಬೀಜ, ಅದಕ್ಕಿಂತ ಹೆಚ್ಚಾದರೆ ಕೈಯಾಡಿಸಲು ಆಗುವುದಿಲ್ಲ. ಉರಿ ಮಧ್ಯಮಕ್ಕಿಂತ ತುಸು ಮೇಲೆ. ಮರದ ಸೌಟು ಒಂದು ಕ್ಷಣವೂ ನಿಲ್ಲಬಾರದು. ಫೋನ್ ಬಂದರೆ ಬರಲಿ.

ನಾಲ್ಕೈದು ನಿಮಿಷಕ್ಕೆ ಹಸಿರು ಹೋಗಿ ಹಳದಿ ತಿರುಗುತ್ತದೆ. ಮೊದಲು ಒಣಹುಲ್ಲಿನ ವಾಸನೆ, ಆಮೇಲೆ ಬ್ರೆಡ್ಡು ಸುಟ್ಟ ಹಾಗೆ. ಹೊಟ್ಟು ಹಾರತೊಡಗುತ್ತದೆ, ಹೊಗೆ ಏಳುತ್ತದೆ. ಒಂಬತ್ತು ಹತ್ತು ನಿಮಿಷದ ಹೊತ್ತಿಗೆ ಜೋಳದ ಅರಳು ಸಿಡಿದಂತೆ ಚಟ್ ಚಟ್ ಅಂತ ಬಿಡಿಬಿಡಿಯಾದ ಸದ್ದು. ಇದು ಮೊದಲ ಸಿಡಿತ. ಬೀಜದ ಕಾವು ಆಗ 200 ಡಿಗ್ರಿಯ ಹತ್ತಿರ, ಒಳಗಿನ ನೀರಾವಿ ಬೀಜವನ್ನು ಬಿರಿಸಿಕೊಂಡು ಹೊರಬರುತ್ತಿರುತ್ತದೆ. ಅದು ನಿಂತು ಸ್ವಲ್ಪ ಹೊತ್ತಿಗೆ ಎರಡನೆಯದು, ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಣ್ಣಗೆ, ಒತ್ತೊತ್ತಾಗಿ. ಈ ಎರಡರ ನಡುವೆ ಇಳಿಸಬೇಕು. ಹೊಸಬರಿಗೆ ನನ್ನ ಲೆಕ್ಕ, ಮೊದಲ ಸಿಡಿತ ಶುರುವಾದ ಮೇಲೆ ಎರಡು ನಿಮಿಷದ ಒಳಗೆ. ಒಲೆ ಆರಿಸಿದರೂ ಬೀಜ ತನ್ನ ಕಾವಿಗೆ ತಾನೇ ಬೇಯುತ್ತಲೇ ಇರುತ್ತದೆ, ಹಾಗಾಗಿ ಮನಸ್ಸಿನಲ್ಲಿರುವ ಬಣ್ಣಕ್ಕಿಂತ ಒಂದು ಕೂದಲು ಮುಂಚೆಯೇ ಇಳಿಸಿ.

ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡು ಹುರಿದು ಒಂದು ಸಲ ನನಗೆ ಸಿಡಿತವೇ ಕೇಳಿಸಲಿಲ್ಲ. ಕೇಳಿಸಿದ್ದು ಪಕ್ಕದ ಮನೆಯವರು ಬಾಗಿಲು ಬಡಿದದ್ದು. ಅವತ್ತಿನಿಂದ ಒಲೆ ಬಾಲ್ಕನಿಗೆ ಹೋಯಿತು.

ಬೀಜ ಇಳಿಸಿದ ಕೂಡಲೇ ಮೊರಕ್ಕೆ ಸುರಿದು ಫ್ಯಾನಿನ ಎದುರು ಕೇರಿ. ಹೊಟ್ಟು ಹಾರಿಹೋಗುವುದೂ ಬೀಜ ತಣಿಯುವುದೂ ಒಟ್ಟಿಗೇ ಆಗುತ್ತದೆ. ಇದಕ್ಕೆ ಮೊರಕ್ಕಿಂತ ಒಳ್ಳೆಯ ಉಪಕರಣ ನಾನು ಕಂಡಿಲ್ಲ. ನಾಲ್ಕು ನಿಮಿಷದಲ್ಲಿ ಕೈಯಲ್ಲಿ ಹಿಡಿಯುವಂತಾಗಬೇಕು. ತೂಗಿ ನೋಡಿದರೆ 150 ಗ್ರಾಂ ಹೋಗಿ 127 ಗ್ರಾಂ ಆಸುಪಾಸು ಆಗಿರುತ್ತದೆ. ಆ ಅಂಕಿಯನ್ನೂ ನಿಮಿಷಗಳನ್ನೂ ಬರೆದಿಡಿ, ಮುಂದಿನ ಸಲಕ್ಕೆ ಅದೇ ದಾರಿ.

ಅವತ್ತೇ ಕುಡಿಯುವ ಆತುರ ಬೇಡ. ಹುರಿದ ಬೀಜ ದಿನಗಟ್ಟಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತಿರುತ್ತದೆ. ಫಿಲ್ಟರಿಗೆ ಎರಡು ಮೂರು ದಿನ ಸಾಕು, ಎಸ್ಪ್ರೆಸೊಗೆ ಒಂದು ವಾರ. ಮೊದಲ ರಾತ್ರಿ ಡಬ್ಬಿಯ ಮುಚ್ಚಳ ಸಡಿಲವಾಗಿರಲಿ.

ಬಾಣಲೆಯಲ್ಲಿ ಎಷ್ಟೇ ಕೈಯಾಡಿಸಿದರೂ ಬೀಜದ ಚಪ್ಪಟೆ ಮಗ್ಗುಲು ತಳಕ್ಕೆ ತಗುಲಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ. ಚಿಕ್ಕಪ್ಪನ ಹತ್ತಿರ ಪೀಬೆರಿ ಇದ್ದರೆ ಕೇಳಿ ತಗೊಳ್ಳಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ದುಂಡಗಾದದ್ದು ಅದು. ಬಾಣಲೆಯಲ್ಲಿ ಗೋಲಿಯ ಹಾಗೆ ಉರುಳಿ ಸಮನಾಗಿ ಹುರಿಯುತ್ತದೆ. ಅರೇಬಿಕಾ ಬದಲು ರೋಬಸ್ಟಾ ಜಾತಿಯ ಕಾಫಿ ಕೊಟ್ಟರೂ ಮುಖ ಸಿಂಡರಿಸಬೇಡಿ. ನಮ್ಮ ದೇಶದ ಕಾಫಿಗೆ ದೊಡ್ಡ ಗಿರಾಕಿ ಇಟಲಿಯೇ, ಅಲ್ಲಿನ ಎಸ್ಪ್ರೆಸೊ ಬ್ಲೆಂಡುಗಳಲ್ಲಿ ನಮ್ಮ ರೋಬಸ್ಟಾ ಬೆರೆಯುತ್ತದೆ. ಅರೇಬಿಕಾವನ್ನೂ ರೋಬಸ್ಟಾವನ್ನೂ ಬೇರೆಬೇರೆ ಹುರಿದು, ಆಮೇಲೆ ಕಾಲು ಭಾಗ ರೋಬಸ್ಟಾ ಬೆರೆಸಿ ನೋಡಿ. ಕೆನೆ ದಪ್ಪಗೆ ನಿಲ್ಲುತ್ತದೆ.

ಕೊನೆಗೆ, ನೀವು ಕೇಳದೇ ಇದ್ದದ್ದು. ಚಿಕ್ಕಪ್ಪ ಕೊಡುವ ಹತ್ತು ಕೆಜಿ ಯಾವ ರೂಪದ್ದು? ತೋಟದವರ ಬಾಯಲ್ಲಿ ಕಾಫಿ ಅಂದರೆ ಕಣದಲ್ಲಿ ಒಣಗಿಸಿದ ಇಡೀ ಹಣ್ಣು, ಅಂದರೆ ಚೆರಿ ಇರಬಹುದು. ಇಲ್ಲವೇ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಇರಬಹುದು. ಕಪ್ಪಗೆ ಸುಕ್ಕುಗಟ್ಟಿದ್ದರೆ ಚೆರಿ. ತಿಳಿ ಹಳದಿ ಸಿಪ್ಪೆಯೊಳಗೆ ಬೀಜ ಗಲಗಲ ಅಂದರೆ ಪಾರ್ಚ್‌ಮೆಂಟ್. ಎರಡನ್ನೂ ಹಾಗೇ ಹುರಿಯಲಾಗದು, ಸಿಪ್ಪೆ ತೆಗೆಸಲೇಬೇಕು. ಆಮೇಲೆ ಕೈಗೆ ಸಿಗುವ ಬೀಜ, ಹತ್ತು ಕೆಜಿ ಪಾರ್ಚ್‌ಮೆಂಟಿಗೆ ಎಂಟರ ಹತ್ತಿರ, ಚೆರಿಯಾದರೆ ಐದರ ಆಸುಪಾಸು. ಹತ್ತು ಕೆಜಿಗೆಂದು ಮಿಲ್ಲಿನವರು ಯಂತ್ರ ಓಡಿಸುವುದು ಕಷ್ಟ. ಮನೆಖರ್ಚಿನ ಮೂಟೆ ಮಿಲ್ಲಿಗೆ ಹೋಗುವ ದಿನ ನಿಮ್ಮದನ್ನೂ ಅದರ ಜೊತೆ ಸೇರಿಸಲು ಚಿಕ್ಕಪ್ಪನಿಗೆ ಈಗಲೇ ಹೇಳಿಡಿ.