ಆಟಗಾರ ಯಾರ ಸ್ವತ್ತು? ಕರ್ಟ್ ಫ್ಲಡ್ ಹೂಡಿದ ದಾವೆಯ ಹಿನ್ನೆಲೆ

1969ರ ಅಕ್ಟೋಬರ್ 7ರಂದು ಅಮೆರಿಕದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡವು ತನ್ನ ಸೆಂಟರ್ ಫೀಲ್ಡರ್ (ಮೈದಾನದ ಹೊರಭಾಗದ ನಡುವೆ ನಿಂತು ಚೆಂಡು ತಡೆಯುವ ಆಟಗಾರ) ಕರ್ಟ್ ಫ್ಲಡ್ ಅವರನ್ನು ಫಿಲಡೆಲ್ಫಿಯಾ ಫಿಲೀಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಎರಡೂ ತಂಡಗಳ ನಡುವೆ ಒಟ್ಟು ಏಳು ಆಟಗಾರರ ಅದಲುಬದಲು ನಡೆದಿತ್ತು. ಫ್ಲಡ್ ಆ ತಂಡಕ್ಕೆ ಹನ್ನೆರಡು ವರ್ಷ ಆಡಿದ್ದರು, 1964 ಮತ್ತು 1967ರಲ್ಲಿ ‘ವರ್ಲ್ಡ್ ಸೀರೀಸ್’ ಎಂಬ ವಾರ್ಷಿಕ ಅಂತಿಮ ಸರಣಿ ಗೆಲ್ಲಲು ನೆರವಾಗಿದ್ದರು, ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಸತತ ಏಳು ಬಾರಿ ಪಡೆದಿದ್ದರು. ಆದರೂ ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಕೇಳಬೇಕೆಂಬ ನಿಯಮವೇ ಇರಲಿಲ್ಲ.

ಆಗ ಇದ್ದದ್ದು ‘ರಿಸರ್ವ್ ಕ್ಲಾಸ್’ ಎಂಬ ಷರತ್ತು. ಇದರ ಬೇರು 1879ರಲ್ಲಿದೆ. ಆ ವರ್ಷ ನ್ಯಾಷನಲ್ ಲೀಗ್ ಎಂಬ ಒಕ್ಕೂಟದ ತಂಡಗಳ ಮಾಲೀಕರು, ತಲಾ ಐದು ಆಟಗಾರರನ್ನು ಬೇರೆ ಯಾರೂ ಕರೆಯದಂತೆ ಕಾಯ್ದಿರಿಸಿಕೊಳ್ಳಲು ತಮ್ಮೊಳಗೇ ಒಪ್ಪಂದ ಮಾಡಿಕೊಂಡರು. ಮುಂದೆ ಅದು ಎಲ್ಲ ಆಟಗಾರರಿಗೂ ವಿಸ್ತರಿಸಿತು. ಒಪ್ಪಂದದ ಅವಧಿ ಮುಗಿದ ಮೇಲೂ ಅದನ್ನು ಇನ್ನೊಂದು ವರ್ಷಕ್ಕೆ ನವೀಕರಿಸುವ ಹಕ್ಕು ತಂಡದ್ದೇ. ನವೀಕರಿಸಿದ ಒಪ್ಪಂದದಲ್ಲೂ ಅದೇ ಷರತ್ತು ಇರುತ್ತದೆಂದು ಮಾಲೀಕರು ವಾದಿಸುತ್ತಿದ್ದುದರಿಂದ ಆ ಒಂದು ವರ್ಷಕ್ಕೆ ಕೊನೆಯೇ ಇರಲಿಲ್ಲ. ತಂಡ ಕೊಟ್ಟಷ್ಟಕ್ಕೆ, ಕಳಿಸಿದಲ್ಲಿ ಆಡಬೇಕು. ಇಲ್ಲವೇ ಆಟವನ್ನೇ ಬಿಡಬೇಕು.

ಬೇರೆ ಯಾವ ಉದ್ಯಮದಲ್ಲಾದರೂ ಇಂತಹ ಕೂಟವನ್ನು ಏಕಸ್ವಾಮ್ಯ ವಿರೋಧಿ ಕಾನೂನು ತಡೆಯುತ್ತಿತ್ತು. ಆದರೆ 1922ರಲ್ಲಿ ಸುಪ್ರೀಂ ಕೋರ್ಟ್, ಬೇಸ್‌ಬಾಲ್ ಪಂದ್ಯಗಳು ಅಂತರರಾಜ್ಯ ವ್ಯಾಪಾರವಲ್ಲ ಎಂದು ತೀರ್ಪು ಕೊಟ್ಟಿತು. ಊರಿಂದೂರಿಗೆ ರೈಲಿನಲ್ಲಿ ಹೋಗಿ, ಟಿಕೆಟ್ ಮಾರಿ ಲಾಭ ಮಾಡುವುದು ವ್ಯಾಪಾರವಲ್ಲವೆಂಬ ಈ ಮಾತು ನನಗೆ ಇಂದಿಗೂ ಅರಗುವುದಿಲ್ಲ. 1953ರಲ್ಲೂ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಆನಂತರ ಬಾಕ್ಸಿಂಗ್‌ಗೆ, ಫುಟ್‌ಬಾಲ್‌ಗೆ ಅದೇ ವಿನಾಯಿತಿ ಕೊಡಲು ಮಾತ್ರ ನಿರಾಕರಿಸಿತು.

ಇಷ್ಟು ಕಾಲ ಸಹಿಸಿಕೊಂಡು ಬಂದದ್ದನ್ನು ಫ್ಲಡ್ ಏಕೆ ಸಹಿಸಲಿಲ್ಲ? ಉತ್ತರ ಅವರ ಬದುಕಿನಲ್ಲಿದೆ. 1938ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿ ಓಕ್ಲೆಂಡ್‌ನಲ್ಲಿ ಬೆಳೆದ ಈ ಆಫ್ರಿಕನ್-ಅಮೆರಿಕನ್ ಹುಡುಗ, ಹದಿನೆಂಟರ ವಯಸ್ಸಿನಲ್ಲಿ ಸಿನ್ಸಿನಾಟಿ ತಂಡದ ಒಪ್ಪಂದಕ್ಕೆ ಸಹಿ ಹಾಕಿ ದಕ್ಷಿಣದ ನಾರ್ತ್ ಕ್ಯಾರೊಲಿನಾಕ್ಕೆ ಆಡಲು ಹೋದರು. ಅಲ್ಲಿ ಪ್ರೇಕ್ಷಕರ ಬೈಗುಳ ದಿನನಿತ್ಯದ್ದು. ಬಿಳಿಯ ಸಹ ಆಟಗಾರರು ಹೋಟೆಲಿನೊಳಗೆ ಕುಳಿತು ಉಣ್ಣುವಾಗ ಇವರಿಗೆ ಊಟ ಹಿಂಬಾಗಿಲಲ್ಲಿ. ದಕ್ಷಿಣದಲ್ಲಿ ಆಡುತ್ತಿದ್ದ ಕಾಲದ ಇನ್ನೊಂದು ಘಟನೆಯನ್ನು ಫ್ಲಡ್ ಮುಂದೆ ನೆನಪಿಸಿಕೊಂಡಿದ್ದರು. ಒಂದೇ ದಿನದ ಎರಡು ಪಂದ್ಯಗಳ ನಡುವೆ ಎಲ್ಲರೂ ಬೆವರಿನ ಸಮವಸ್ತ್ರ ಬಿಚ್ಚಿ ರಾಶಿ ಹಾಕಿದಾಗ, ಅಲ್ಲಿನ ಸಿಬ್ಬಂದಿ ಇವರ ಬಟ್ಟೆಯನ್ನು ಉದ್ದನೆಯ ಕೋಲಿನಿಂದ ಎತ್ತಿ ಬೇರೆಯಿಟ್ಟು, ಕಪ್ಪು ಜನರ ಬಟ್ಟೆ ಒಗೆಯುವ ಅಂಗಡಿಗೆ ಕಳಿಸಿದ. ಉಳಿದವರು ಮೈದಾನಕ್ಕೆ ಇಳಿದ ಮೇಲೂ ಇವರು ಬಟ್ಟೆಗಾಗಿ ಕಾಯುತ್ತ ಕುಳಿತಿರಬೇಕಾಯಿತು.

ಹೆಸರು ಬಂದ ಮೇಲೂ ಅವಮಾನ ನಿಲ್ಲಲಿಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗೆ ಹಿಡಿದ ಮನೆಗೆ ಕಾಲಿಡಲು ನ್ಯಾಯಾಲಯದ ಆದೇಶ ತರಬೇಕಾಯಿತು. ಬಾಡಿಗೆದಾರರು ಕಪ್ಪು ಜನರೆಂದು ತಿಳಿದ ಕೂಡಲೇ ಮಾಲೀಕ ಬಂದೂಕು ತೋರಿಸಿ ಬೆದರಿಸಿದ್ದ. ಅದಕ್ಕೂ ಎರಡು ವರ್ಷ ಮೊದಲೇ ಫ್ಲಡ್, ಉನ್ನತ ಹಂತದ ಬೇಸ್‌ಬಾಲ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಜೊತೆ ಮಿಸಿಸಿಪಿಯ ಜಾಕ್ಸನ್‌ನಲ್ಲಿ ನಡೆದ ನಾಗರಿಕ ಹಕ್ಕುಗಳ ಸಭೆಯಲ್ಲಿ ಪಾಲ್ಗೊಂಡಿದ್ದರು.

1969ರ ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಕಮಿಷನರ್ ಬೋವಿ ಕುನ್ ಅವರಿಗೆ ಪತ್ರ ಬರೆದರು. ತನ್ನ ಇಷ್ಟಾನಿಷ್ಟ ಕೇಳದೆ ಕೊಳ್ಳುವ, ಮಾರುವ ಸ್ವತ್ತು ತಾನಲ್ಲ ಎಂಬುದು ಅದರ ತಿರುಳು. ವರ್ಷಕ್ಕೆ 90,000 ಡಾಲರ್ ಪಡೆಯುವವನಿಗೆ ಏನು ಕೊರತೆ ಎಂದು ಕೇಳಿದವರಿಗೆ ಟಿವಿ ಸಂದರ್ಶನದಲ್ಲಿ ಅವರು ಕೊಟ್ಟ ಉತ್ತರ: ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ.

ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್, ಗೆಲ್ಲುವ ಸಾಧ್ಯತೆ ಬಹುತೇಕ ಇಲ್ಲವೆಂದು ಮೊದಲೇ ಎಚ್ಚರಿಸಿದ್ದರು. ಗೆದ್ದರೆ ಉಳಿದ ಆಟಗಾರರಿಗೆ ಲಾಭವಾಗುತ್ತದೆಯೇ ಎಂದು ಕೇಳಿ, ಫ್ಲಡ್ ದಾವೆಗೆ ಇಳಿದರು. ಖರ್ಚನ್ನು ಸಂಘ ವಹಿಸಿಕೊಂಡಿತು. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆದಾಗ ನಿವೃತ್ತ ಆಟಗಾರರಾದ ರಾಬಿನ್ಸನ್ ಮತ್ತು ಹ್ಯಾಂಕ್ ಗ್ರೀನ್‌ಬರ್ಗ್ ಬಂದು ಸಾಕ್ಷಿ ಹೇಳಿದರು. ಆಗ ಆಡುತ್ತಿದ್ದವರಲ್ಲಿ ಒಬ್ಬರೂ ಸಾಕ್ಷಿಕಟ್ಟೆ ಏರಲಿಲ್ಲ. ಮಾಲೀಕರ ಭಯ ಅಷ್ಟಿತ್ತು. ಆ ಭಯವೇ ಫ್ಲಡ್ ಅವರ ವಾದಕ್ಕೆ ಅತಿ ದೊಡ್ಡ ಪುರಾವೆಯಾಗಿತ್ತು.

1972ರ ಜೂನ್ 19ರಂದು ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಹಳೆಯ ಆಟಗಾರರ ಉದ್ದನೆಯ ಹೆಸರುಪಟ್ಟಿ ಕೊಟ್ಟು ಆಟವನ್ನು ಕೊಂಡಾಡಿದರು. ಬೇಸ್‌ಬಾಲ್‌ಗಿರುವ ವಿನಾಯಿತಿ ಅಸಂಗತವೆಂದು ಒಪ್ಪಿಕೊಂಡೇ, ಅದನ್ನು ಸರಿಪಡಿಸುವುದು ಸಂಸತ್ತಿನ ಕೆಲಸ ಎಂದರು. ತಪ್ಪೆಂದು ಗೊತ್ತಿದ್ದೂ ಉಳಿಸಿಕೊಂಡ ಈ ತಪ್ಪೇ ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕೆರಳಿಸುವುದು. 1953ರ ತೀರ್ಪಿಗೆ ಸಹಮತ ನೀಡಿದ್ದ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅದಕ್ಕಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿ ಭಿನ್ನಮತ ಬರೆದರು.

ಅಷ್ಟರಲ್ಲಿ ಫ್ಲಡ್ ಅವರ ಆಟ ಮುಗಿದಿತ್ತು. 1970ರ ಋತುವನ್ನು ಪೂರ್ತಿ ಬಿಟ್ಟು, 1971ರಲ್ಲಿ ವಾಷಿಂಗ್ಟನ್ ತಂಡದ ಪರ 13 ಪಂದ್ಯ ಆಡಿ, ಅಲ್ಲಿಂದ ಹೊರಟು ಸ್ಪೇನ್‌ನ ಮಯೋರ್ಕಾ ದ್ವೀಪ ಸೇರಿದ್ದರು.

ಆದರೆ ಅವರು ಎತ್ತಿದ ವಾದ ಸಂಧಾನದ ಮೇಜಿಗೆ ಬಂದಿತ್ತು. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿರುವ ಆಟಗಾರ ವರ್ಗಾವಣೆಯನ್ನು ತಿರಸ್ಕರಿಸಬಹುದು ಎಂಬ ನಿಯಮ 1973ರ ಒಪ್ಪಂದದಲ್ಲಿ ಸೇರಿತು. 1969ರಲ್ಲಿ ಅದು ಇದ್ದಿದ್ದರೆ ಫ್ಲಡ್ ಸೇಂಟ್ ಲೂಯಿಸ್‌ನಲ್ಲೇ ಉಳಿಯುತ್ತಿದ್ದರು. 1975ರ ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಜ್, ಆಟಗಾರರಾದ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪರವಾಗಿ, ನವೀಕರಣವೆಂದರೆ ಒಂದೇ ವರ್ಷ ಎಂದು ತೀರ್ಮಾನಿಸಿದರು. ಷರತ್ತಿನ ಬಿಗಿ ಸಡಿಲಿದ್ದು ಅಂದು.

ಫ್ಲಡ್ 1997ರ ಜನವರಿಯಲ್ಲಿ ಗಂಟಲಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಮರುವರ್ಷ ಸಂಸತ್ತು ಅವರ ಹೆಸರಿನಲ್ಲೇ ಕಾಯ್ದೆ ತಂದು, ಅಗ್ರ ಹಂತದ ಮೇಜರ್ ಲೀಗ್ ಆಟಗಾರರ ಉದ್ಯೋಗಕ್ಕೆ ಏಕಸ್ವಾಮ್ಯ ವಿರೋಧಿ ಕಾನೂನನ್ನು ಅನ್ವಯಿಸಿತು. ಕೆಳಹಂತದ ಮೈನರ್ ಲೀಗ್ ಆಟಗಾರರನ್ನು ಆ ಕಾಯ್ದೆಯಿಂದ ಹೊರಗಿಡಲಾಯಿತು.