ದಕ್ಷಿಣ ಕೊರಿಯಾ ಯಾವ ವಾದದ ಖಾತೆಗೆ?

ಈ ಸಲವೂ ಅದೇ ಉತ್ತರ. ಕೆಎಎಸ್ ತಯಾರಿ ಮಾಡುವ ನಮ್ಮ ಹುಡುಗ ಹುಡುಗಿಯರ ಪ್ರಬಂಧ ತಿದ್ದುತ್ತಾ ಕೂತಿದ್ದೆ. ವಸಾಹತು ಆಳ್ವಿಕೆಯಿಂದ ಬಿಡಿಸಿಕೊಂಡ ದೇಶಗಳು ಮುಂದೆ ಬಂದದ್ದು ಬಂಡವಾಳಶಾಹಿಯಿಂದಲೋ ಸಮಾಜವಾದದಿಂದಲೋ ಅನ್ನೋದು ಪ್ರಶ್ನೆ. ಅರ್ಧ ಜನ 'ಸಮಾಜವಾದ ನಮ್ಮನ್ನು ಹಾಳು ಮಾಡಿತು, 1991ರ ಉದಾರೀಕರಣ ಉಳಿಸಿತು, ದಕ್ಷಿಣ ಕೊರಿಯಾ ನೋಡಿ' ಎಂದಿದ್ದಾರೆ. ಇನ್ನರ್ಧ ಜನ ಸಮಾಜವಾದದ ಪರವಾಗಿ ವಿಯೆಟ್ನಾಂ ತೋರಿಸಿದ್ದಾರೆ, ಅಲ್ಲಿ 1986ರಲ್ಲಿ ಮಾರುಕಟ್ಟೆಗೆ ಬಾಗಿಲು ತೆರೆದದ್ದು ಅದೇ ಕಮ್ಯುನಿಸ್ಟ್ ಪಕ್ಷ ಅನ್ನೋದನ್ನು ಮರೆತು. ಕೋಲಾರದಲ್ಲಿ ಇಪ್ಪತ್ತು ವರ್ಷದಿಂದ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಇಡೀ ದೇಶವನ್ನು ಒಂದೇ ವಾದದ ಖಾತೆಗೆ ಹಾಕುವ ಈ ತಪ್ಪು ಬ್ಯಾಚಿನಿಂದ ಬ್ಯಾಚಿಗೆ ದಾಟಿಕೊಂಡು ಬರುತ್ತಲೇ ಇದೆ, ಈಗೀಗ ನನಗೆ ಸಿಟ್ಟೇ ಬರುತ್ತದೆ.

ಕೊರಿಯಾವನ್ನು ಸ್ವಲ್ಪ ಹತ್ತಿರದಿಂದ ನೋಡಿ. 1945ರವರೆಗೆ ಅದು ಜಪಾನಿನ ವಸಾಹತು. 1950ರ ಹೊತ್ತಿಗೆ ಭೂಸುಧಾರಣೆಯಾಗಿ ಗೇಣಿದಾರರಿಗೆ ಜಮೀನು ಸಿಕ್ಕಿತು. 1961ರಲ್ಲಿ ಅಧಿಕಾರ ಹಿಡಿದ ಸೇನಾಧಿಕಾರಿ ಪಾರ್ಕ್ ಚುಂಗ್ ಹೀ ಬ್ಯಾಂಕುಗಳನ್ನು ಸರ್ಕಾರದ ಕೈಗೆ ತೆಗೆದುಕೊಂಡರು. ನಾವು 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದ್ದು 1969ರಲ್ಲಿ, ನೆನಪಿರಲಿ. 1962ರಿಂದ ಪಂಚವಾರ್ಷಿಕ ಯೋಜನೆ, 1968ರಲ್ಲಿ ಸರ್ಕಾರದ ಉಕ್ಕಿನ ಕಂಪನಿ ಪೋಸ್ಕೊ. ದೇಶದ ಹೆಸರು ಮುಚ್ಚಿ ಇಷ್ಟನ್ನೇ ತೋರಿಸಿದರೆ ನೀವೆಲ್ಲ ಸಮಾಜವಾದ ಅಂತಲೇ ಬರೆಯುತ್ತೀರಿ, ಅಲ್ವಾ?

ಆದರೆ ಸ್ಯಾಮ್‌ಸಂಗ್, ಹ್ಯುಂಡೈ ಎಲ್ಲ ಖಾಸಗಿ ಮನೆತನಗಳ ಕಂಪನಿಗಳು. ಅಗ್ಗದ ಸಾಲ ಬೇಕಾ, ರಫ್ತು ಮಾಡಿ ತೋರಿಸು. ಗುರಿ ಮುಟ್ಟದವನಿಗೆ ಮುಂದಿನ ಸಾಲ ಕಷ್ಟ. ಕೊಟ್ಟದ್ದಕ್ಕೆ ಷರತ್ತು ಇತ್ತು, ಷರತ್ತನ್ನು ಯಾರೋ ಕೂತು ಪರೀಕ್ಷೆ ಮಾಡುತ್ತಿದ್ದರು. ನಮ್ಮಲ್ಲೂ ಲೈಸೆನ್ಸ್ ಕೊಟ್ಟರು, ಹೊರಗಿನ ಮಾಲು ತಡೆದು ರಕ್ಷಣೆ ಕೊಟ್ಟರು. ಬದಲಿಗೆ ನೀನೇನು ಮಾಡಿದೆ ಎಂದು ಗಟ್ಟಿಯಾಗಿ ಕೇಳಿದ್ದು ಕಡಿಮೆ. ಹಾಗಂತ ಕೊರಿಯಾವನ್ನು ಹಾಗೇ ನಕಲು ಮಾಡಿ ಎನ್ನುತ್ತಿಲ್ಲ. ಅಲ್ಲಿ ಅಮೆರಿಕದ ನೆರವಿತ್ತು, ಮಿಲಿಟರಿ ಆಳ್ವಿಕೆ ಇತ್ತು, ಕಾರ್ಮಿಕರ ಬಾಯಿ ಕಟ್ಟಿದ್ದರು.

ಷರತ್ತು ಎಂದರೆ ಏನು ಅಂತ ಮತ್ತೆ ಕೇಳುತ್ತೀರಿ, ಅದಕ್ಕೇ ನಮ್ಮೂರ ಡೇರಿ ತೋರಿಸುತ್ತೇನೆ. ಮುಳಬಾಗಿಲು ಕಡೆ ನಮ್ಮ ಊರು. ಬೆಳಿಗ್ಗೆ ಆರಕ್ಕೆ ಅಮ್ಮ ಹಾಲು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ಸೆಕ್ರೆಟರಿ ಒಂದಿಷ್ಟು ಹಾಲು ತೆಗೆದು ಮಷೀನಿಗೆ ಇಡುತ್ತಾರೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿದ ಘನಾಂಶ) ಎಷ್ಟು, ಚೀಟಿ ಬರುತ್ತದೆ. ಮಳೆಗಾಲದಲ್ಲಿ ಹಸು ಹಸಿಹುಲ್ಲು ಜಾಸ್ತಿ ತಿಂದು ಫ್ಯಾಟ್ ಇಳಿದರೆ ಬಟವಾಡೆಯೂ ಇಳಿಯುತ್ತದೆ. ಒಮ್ಮೆ ಸಂಘದ ಅಧ್ಯಕ್ಷರ ಮನೆಯ ಹಾಲನ್ನೇ ವಾಪಸ್ ಕಳಿಸಿದ್ದರು, ಅವತ್ತು ಅಮ್ಮ ಮನೆಗೆ ಬಂದು ಇದನ್ನು ಎರಡು ಸಲ ಹೇಳಿದರು. ಹಸು ಅಮ್ಮನ ಸ್ವಂತದ್ದು. ಸಂಘ ಊರವರದು. ಲೀಟರಿಗೆ ಇಷ್ಟು ಅಂತ ಕೊಡುವ ಪ್ರೋತ್ಸಾಹಧನ ಸರ್ಕಾರದ್ದು. 1974ರಲ್ಲಿ ಕರ್ನಾಟಕದಲ್ಲಿ ಈ ಡೇರಿ ಯೋಜನೆ ಶುರುವಾದಾಗ ಸಾಲ ಕೊಟ್ಟದ್ದು ವಿಶ್ವಬ್ಯಾಂಕ್. ಈಗ ಹೇಳಿ, ಇದು ಯಾವ ವಾದ?

ಪಕ್ಕಪಕ್ಕದ ಕೀನ್ಯಾ, ತಾಂಜಾನಿಯಾ ನೋಡಿ. ಎರಡೂ ಬ್ರಿಟಿಷರ ಕೈಯಲ್ಲಿದ್ದವು. 1967ರ ಅರುಷಾ ಘೋಷಣೆಯೊಂದಿಗೆ ತಾಂಜಾನಿಯಾ ಸಮಾಜವಾದದ ದಾರಿ ಹಿಡಿಯಿತು, ಕೀನ್ಯಾ ಮಾರುಕಟ್ಟೆಯದು. ವಾದ ಬೇರೆ ಬೇರೆ, ಆದರೂ ಕೊರಿಯಾ ತಲುಪಿದ ಜಾಗಕ್ಕೆ ಎರಡೂ ತಲುಪಲಿಲ್ಲ.

ಇನ್ನು ಕೆಜಿಎಫ್, ನಮ್ಮ ಕೋಲಾರದ ಚಿನ್ನದ ಗಣಿ. 'ಸರ್ಕಾರ ಕೈ ಹಾಕಿತು, ಗಣಿ ಮುಚ್ಚಿತು' ಎಂದು ಸುಮ್ನೆ ಬರೆದುಬಿಡುತ್ತೀರಿ. 1880ರಿಂದ ಬ್ರಿಟಿಷರ ಜಾನ್ ಟೇಲರ್ ಕಂಪನಿ ಅಗೆದಿದೆ. ಮೈಸೂರು ಸರ್ಕಾರ ವಹಿಸಿಕೊಂಡದ್ದು 1956ರಲ್ಲಿ. ಅಷ್ಟರಲ್ಲಿ ಸುಲಭದ ಚಿನ್ನ ಹೋಗಿತ್ತು, ಆಮೇಲೆ ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಅದಿರು ಎತ್ತಬೇಕಾಗಿತ್ತು. 2001ರಲ್ಲಿ ಮುಚ್ಚಿತು. ಸರ್ಕಾರ ಚೆನ್ನಾಗಿ ನಡೆಸಿತು ಎಂದು ನಾನು ಹೇಳುತ್ತಿಲ್ಲ. ಎಪ್ಪತ್ತೈದು ವರ್ಷ ಅಗೆದವರ ಲೆಕ್ಕವನ್ನೂ ಬರೆಯಿರಿ ಎನ್ನುತ್ತಿದ್ದೇನೆ.

ಅಲ್ಲಿಂದ ರೈಲಿನಲ್ಲಿ ಬರುವ ಒಬ್ಬ ಹುಡುಗಿ ಕ್ಲಾಸ್ ಮುಗಿದ ಮೇಲೆ ನಿಂತಿದ್ದಳು. "ಸರ್, ನಮ್ಮ ಮುತ್ತಾತ ಕಂಪನಿ ಕಾಲದಲ್ಲಿ ಗಣಿಗೆ ಇಳಿದವರು, ತಾತ ಸರ್ಕಾರದ ಕಾಲದಲ್ಲಿ. ಇಬ್ಬರೂ ಇದ್ದಿದ್ದು ಕಾರ್ಮಿಕರ ಅದೇ ಲೈನ್ ಮನೇಲಿ. ಇದನ್ನ ಪ್ರಬಂಧದಲ್ಲಿ ಬರೀಬಹುದಾ?"

"ಅದರಿಂದಲೇ ಶುರು ಮಾಡಮ್ಮ" ಅಂದೆ.